ಹಬ್ಬುವಾಡದಿಂದ ಸುಂಕಸಾಳಕ್ಕೆ, ನಿಂತು ನಿಂತು

ಆ ಬುಧವಾರ ಬೆಳಿಗ್ಗೆ ನಾನು ಹಿತ್ತಿಲ ಕಲ್ಲಿನ ಬಳಿ ಕುಳಿತು ಬಂಗಡೆ ಕೊಯ್ಯುತ್ತಿದ್ದೆ. ಆರು ಬಂಗಡೆಗಳಲ್ಲಿ ನಾಲ್ಕರ ತಲೆ ತೆಗೆದಾಗಿತ್ತು. ಅಷ್ಟರಲ್ಲಿ ಫೋನು ಬಂತು. ನನ್ನ ಕೈಯೆಲ್ಲ ಮೀನಾಗಿದ್ದರಿಂದ ನಮ್ಮನೆಯವರೇ ಫೋನನ್ನು ತಂದು ನನ್ನ ಕಿವಿಗೆ ಹಿಡಿದರು. ಆ ಕಡೆಯಿಂದ ಮಾತಾಡಿದವನು ಸುಂಕಸಾಳದ ನನ್ನ ತಮ್ಮ ಗಣಪು.

"ಅಕ್ಕಾ, ಮನೆ ಒಕ್ಕಲು ಇವತ್ತೇ ಮಾಡೂದು," ಅಂದ.

"ಇವತ್ತೆಂತಕ್ಕೋ? ಶುಕ್ರವಾರ ಅಂದಿದ್ದೆ ಅಲ್ದಾ?"

"ಭಟ್ಟರ ದೊಡ್ಡಪ್ಪ ಆಸ್ಪತ್ರೆಲಿ ಇದ್ದಾರೆ. ಇವತ್ತೋ ನಾಳೆಯೋ ಅಂತಿದಾರೆ. ಸೂತಕ ಬಂದ್ರೆ ಭಟ್ಟರು ಹತ್ತು ದಿನ ಹೊರಗೆ. ಅಷ್ಟರಲ್ಲಿ ಧನುರ್ಮಾಸ ಬಂದೇ ಬಿಡ್ತದೆ. ಇವತ್ತು ಹನ್ನೆರಡೂ ಹತ್ತರಿಂದ ಒಂದರ ಒಳಗೆ ಮುಹೂರ್ತ ಉಂಟಂತೆ. ನೀನು ಬರದೆ ಒಲೆಗೆ ಬೆಂಕಿ ಇಲ್ಲ, ಗೊತ್ತಾಯ್ತಾ?"

ಗೊತ್ತಾಗದೆ ಏನು. ನಮ್ಮ ಕಡೆ ಹೊಸ ಮನೆಯ ಒಲೆಯ ಮೇಲೆ ಮೊದಲ ಹಾಲು ಉಕ್ಕಿಸಬೇಕಾದವಳು ಮನೆಯ ಹೆಣ್ಣುಮಗಳು. ಅದೂ ಬರಿ ಹೊಟ್ಟೆಯಲ್ಲಿ, ತವರಿಗೆಂದು ತಾನೇ ತಂದ ಪಾತ್ರೆಯಲ್ಲಿ. ಗಣಪುವಿಗೆ ಇರುವವಳು ನಾನೊಬ್ಬಳೇ ಅಕ್ಕ. ಕೆಲವು ವರ್ಷಗಳ ಹಿಂದೆ ಗಂಗಾವಳಿ ಹೊಳೆ ಉಕ್ಕಿ ಬಂದು ಅವನ ಮಣ್ಣಿನ ಮನೆಯನ್ನು ಒಯ್ದಿತ್ತು. ಅಂದಿನಿಂದ ಅವನೂ ಅವನ ಹೆಂಡತಿ ಸಾವಿತ್ರಿಯೂ ತಗಡಿನ ಶೆಡ್ಡಿನಲ್ಲಿ ದಿನ ತೆಗೆಯುತ್ತಿದ್ದರು. ಗದ್ದೆ ಕೆಲಸ, ಕೂಲಿ, ಸ್ವಲ್ಪ ಸರಕಾರದ ಹಣ ಎಂದು ಕೂಡಿಸಿ ಎತ್ತರದ ಜಾಗದಲ್ಲಿ ಎರಡು ಕೋಣೆಯ ಮನೆ ಎಬ್ಬಿಸಿದ್ದರು. ಈ ಮುಹೂರ್ತ ತಪ್ಪಿದರೆ ಮುಂದಿನದು ಸಂಕ್ರಾಂತಿ ಕಳೆದ ಮೇಲೆ. ಅಲ್ಲಿಯವರೆಗೆ ಮತ್ತೆ ಆ ತಗಡೇ ಗತಿ.

ಮೀನನ್ನೆಲ್ಲ ಪಕ್ಕದ ಮನೆಯ ಶಾಂತಕ್ಕನಿಗೆ ಕೊಟ್ಟೆ. ತಲೆಯ ಮೇಲೆ ನೀರು ಹಾಕಿಕೊಂಡು ಸ್ನಾನ ಮಾಡಿದೆ. ಮೀನು ತಿಂದ ಮೇಲೆ ಫೋನು ಬಂದಿದ್ದರೆ ಏನು ಗತಿಯಾಗುತ್ತಿತ್ತು? ದೇವರು ಕೊಯ್ಯುವಾಗಲೇ ಫೋನು ಮಾಡಿಸಿದ. ಇದು ಅಂದಿನ ಮೊದಲ ಉಪಕಾರ.

ಸುಂಕಸಾಳಕ್ಕೆ ಕಾರವಾರದಿಂದ ಅರವತ್ತು ಕಿಲೋಮೀಟರಿನಷ್ಟು ದಾರಿ. ಮೂವತ್ತೈದರ ಹತ್ತಿರ ಸಮುದ್ರದ ಬದಿಯಲ್ಲಿ ಅಂಕೋಲೆಯವರೆಗೆ, ಉಳಿದದ್ದು ಒಳನಾಡಿನ ಕಡೆ ಯಲ್ಲಾಪುರದ ರಸ್ತೆಯಲ್ಲಿ. ಆ ಕಡೆಗೆ ನೇರ ಹೋಗುವ ಬೆಳಗಿನ ಬಸ್ಸು ಬಿಟ್ಟಾಗಿತ್ತು. ಮುಂದಿನದು ಹತ್ತೂವರೆಗೆ. "ಬೈಕ್ ಇರೂದು ಎಂತಕ್ಕೆ?" ಎಂದರು ನಮ್ಮನೆಯವರು.

ನನಗೆ ಅಳುಕಿತ್ತು. ನಮ್ಮ ಬೈಕು ಹಳೆಯದು. ಒಂದು ತಿಂಗಳಿನಿಂದ ಅದಕ್ಕೆ ಮನಸ್ಸು ಬಂದರೆ ಸುರು, ಇಲ್ಲವಾದರೆ ಇಲ್ಲ. ಇವರು ಬಂದರಿನ ಹತ್ತಿರ ಲಾರಿ ತೂಗುವ ಕಾಂಟಾದಲ್ಲಿ ಕೆಲಸಕ್ಕಿದ್ದಾರೆ. ಮನೆಯಿಂದ ಅಷ್ಟೇ ದೂರ ಹೋಗುವುದರೊಳಗೂ ಎಷ್ಟೋ ದಿನ ನೂಕಿಕೊಂಡು ಹೋಗಿದ್ದರು. ಪ್ಲಗ್ ಬದಲಾಯಿಸಿದ್ದಾಯಿತು, ಬ್ಯಾಟರಿ ತೋರಿಸಿದ್ದಾಯಿತು. ನಾನೂ ನನ್ನ ಕೈಲಾದದ್ದು ಮಾಡುತ್ತಿದ್ದೆ. ಪ್ರತಿ ಶುಕ್ರವಾರ ಗಾಡಿಗೆ ಹೂವೇರಿಸಿ ಗಂಧ ಕುಂಕುಮ ಹಚ್ಚುವುದು ನನ್ನ ರೂಢಿ. ದೀಪವನ್ನು ಕಣ್ಣೆಂದೂ ಪೆಟ್ರೋಲ್ ಟಾಕಿಯ ಮುಚ್ಚಳವನ್ನು ಹಣೆಯೆಂದೂ ಲೆಕ್ಕ ಹಿಡಿದು ಆ ಮುಚ್ಚಳಕ್ಕೇ ಗಂಧ ಇಡುತ್ತಿದ್ದೆ. ಗಾಡಿಗೆ ಈ ಕಾಯಿಲೆ ಬಂದ ಮೇಲೆ ಗಂಧವನ್ನು ಇನ್ನಷ್ಟು ಗಟ್ಟಿಯಾಗಿ ತೇಯತೊಡಗಿದ್ದೆ. ಅಂದು ಹೊರಡುವಾಗಲೂ ಅವಸರದಲ್ಲೇ ತೇದು ಒತ್ತಿದೆ.

ಒಂದೇ ಒದೆತಕ್ಕೆ ಸುರುವಾಯಿತು. "ನೋಡ್ದ್ಯಾ? ಇದರ ನಾಡಿ ನಂಗೆ ಗೊತ್ತುಂಟು," ಎಂದರು ಇವರು.

ಕಾರವಾರದ ನಮ್ಮ ಹಬ್ಬುವಾಡ ಬಿಟ್ಟಾಗ ಒಂಬತ್ತು ಗಂಟೆ. ಡಿಸೆಂಬರಿನ ತಣ್ಣನೆ ಬೆಳಗು. ಪಂಪಿನಲ್ಲಿ ಐನೂರು ರೂಪಾಯಿಯ ಪೆಟ್ರೋಲು ಹಾಕಿಸಿ ಟಾಕಿಯನ್ನು ಮುಕ್ಕಾಲು ತುಂಬಿಸಿದರು. ನನ್ನ ತೊಡೆಯ ಮೇಲೆ ಹೊಸ ಹಿತ್ತಾಳೆ ತಪ್ಪಲೆ, ಅದರೊಳಗೆ ಅಕ್ಕಿ, ತೆಂಗಿನಕಾಯಿ, ಸಾವಿತ್ರಿಗೊಂದು ಸೀರೆ. ಬಂದರು ದಾಟಿ ಸುರಂಗದೊಳಗೆ ಹೊಕ್ಕು ಬಿಣಗಾದ ಕಡೆ ಹೊರಬಿದ್ದೆವು. ಬಲಗಡೆ ಸಮುದ್ರ ಬೆಳ್ಳಗೆ ಮಿನುಗುತ್ತಿತ್ತು. ವರ್ಷಗಟ್ಟಲೆ ಕಾರವಾರದಲ್ಲೇ ಇದ್ದೂ ಈ ರಸ್ತೆಯಲ್ಲಿ ಇವರ ಬೆನ್ನ ಹಿಂದೆ ಕುಳಿತು ಹೋದದ್ದು ಬೆರಳೆಣಿಕೆಯಷ್ಟೇ ಸಲ. ಖುಷಿಯಾಗಿತ್ತು.

ಅಮದಳ್ಳಿ ಬಂತು. ಅಲ್ಲಿಯ ಗಣಪತಿಗೆ ಕುಳಿತಲ್ಲಿಂದಲೇ ಕೈಮುಗಿದೆ. ಮುಗಿದ ಕೈ ಇಳಿಸುವುದರೊಳಗೆ ಬೈಕು ಎರಡು ಸಲ ಜಗ್ಗಿ ಸುಮ್ಮನಾಯಿತು.

"ಇಳಿ," ಎಂದರು.

ಇಳಿದೆ. ಏಳೆಂಟು ಸಲ ಒದ್ದರು. ಉಸಿರಿಲ್ಲ. ಪೆಟ್ರೋಲು ಹಾಕುವವನು ಸರಿಯಾಗಿ ಹಾಕಿದ್ದಾನೋ ಇಲ್ಲವೋ ಎಂದು ಮುಚ್ಚಳ ತೆಗೆದು ಬಗ್ಗಿ ನೋಡಿದರು. ಪೆಟ್ರೋಲು ತುಳುಕುತ್ತಿತ್ತು. ನಾನು ಗಣಪತಿಗೆ ಒಂದು ತೆಂಗಿನಕಾಯಿ ಹೇಳಿಕೊಂಡೆ. ಮುಚ್ಚಳ ಹಾಕಿ ಮತ್ತೆ ನಾಲ್ಕು ಒದೆತ ಕೊಟ್ಟಾಗ ಸುರುವಾಯಿತು.

"ಕಾಯಿ ಹೇಳಿಕೊಂಡೆ," ಎಂದೆ.

"ಅದಕ್ಕೆ ಮೊದ್ಲೇ ಹೇಳಿಕೊಳ್ಳೂಕೆ ಎಂತ ಆಗಿತ್ತು?" ಎಂದರು.

ನಿಂತ ಜಾಗದಲ್ಲಿ ಮರದ ನೆರಳಿತ್ತು. ಅದೂ ಒಂದು ಉಪಕಾರವೇ.

ಎರಡನೆಯ ಸಲ ನಿಂತದ್ದು ಅವರ್ಸಾದಲ್ಲಿ. ಹತ್ತೂ ಕಾಲಾಗಿತ್ತು. ಅಲ್ಲಿ ನೆರಳಿರಲಿಲ್ಲ. ರಸ್ತೆ ಬದಿಯಲ್ಲಿ ಖಾಲಿ ಬುಟ್ಟಿ ಮಗುಚಿ ಅದರ ಮೇಲೆ ಕೂತು ಟೆಂಪೋ ಕಾಯುತ್ತಿದ್ದ ಮೀನು ಮಾರುವ ಹೆಂಗಸೊಬ್ಬಳಿದ್ದಳು. ಬಾಯಲ್ಲಿ ಎಲೆ ಅಡಿಕೆ. ಇವರು ಹತ್ತು ಸಲ ಒದೆಯುವವರೆಗೆ ಸುಮ್ಮನೆ ನೋಡಿದಳು.

"ಹೋಯ್, ಇದು ಓಡ್ಸೂ ಗಾಡಿಯಾ, ಒದೆಯೂ ಗಾಡಿಯಾ?" ಎಂದು ಕೇಳಿದಳು.

ಇವರು ಪ್ಲಗ್ ಬಿಚ್ಚಿ ತರಿ ತರಿ ಉಪ್ಪುಕಾಗದದಲ್ಲಿ ತಿಕ್ಕಿದರು, ಹಾಕಿದರು, ಒದ್ದರು. ಇಲ್ಲ.

"ಎಲ್ಲಿಗೆ ಹೊರಟದ್ದು?" ಎಂದು ನನ್ನನ್ನು ಕೇಳಿದಳು. ಹೇಳಿದೆ. ಹೊಳೆ ಮನೆ ಒಯ್ದದ್ದು, ಹೊಸ ಮನೆ, ಒಂದರ ಒಳಗಿನ ಮುಹೂರ್ತ, ಎಲ್ಲ. ಅವಳು ಎದ್ದು ಬಂದು ನನ್ನ ತಪ್ಪಲೆಯನ್ನು ಬೆರಳಲ್ಲಿ ತಟ್ಟಿ ನೋಡಿದಳು. "ಪಾತ್ರೆ ಚಲೋದುಂಟು. ಗಂಡನ್ನ ಇಲ್ಲೇ ಬಿಟ್ಟು ಪಾತ್ರೆ ಹಿಡ್ಕಂಡು ನನ್ನ ಸಂಗ್ತಿ ಟೆಂಪೋ ಹತ್ತು. ಇವ್ರು ಒದೀತಾ ಇರ್ಲಿ."

"ಟೆಂಪೋ ಸುಂಕಸಾಳಕ್ಕೆ ಹೋಗ್ತದಾ?"

"ಅಂಕೋಲೆಗೆ. ಮುಂದೆ ದೇವ್ರು ಇಲ್ವಾ?"

ನಾನು ನಿಜವಾಗಿಯೂ ಯೋಚಿಸತೊಡಗಿದೆ. ಅಷ್ಟರಲ್ಲಿ ಇವರು ಪ್ಲಗ್ಗನ್ನು ಇನ್ನೊಮ್ಮೆ ಒರೆಸಲು ಬಟ್ಟೆಯ ಚೂರನ್ನು ಪೆಟ್ರೋಲಿನಲ್ಲಿ ಅದ್ದಿಕೊಂಡರು. ಒರೆಸಿ, ಟಾಕಿ ಮುಚ್ಚಿ ಒದ್ದದ್ದೇ ತಡ, ಸುರುವಾಯಿತು. "ಪ್ಲಗ್ಗೇ ಆಗಿತ್ತು. ನಾ ಹೇಳಿರ್ಲಿಲ್ವಾ?" ಎಂದರು ಗೆದ್ದವರ ಹಾಗೆ. ಎರಡು ನಿಮಿಷದ ಮೇಲೆ ಅವಳ ಟೆಂಪೋ ನಮ್ಮನ್ನು ಹಿಂದೆ ಹಾಕಿತು. ಕಿಟಕಿಯಿಂದ ಅವಳು ಬುಟ್ಟಿ ಎತ್ತಿ ತೋರಿಸಿದಳು.

ಅಂಕೋಲೆ ಸೇರಿದಾಗ ಹನ್ನೊಂದಾಗಲು ಹತ್ತು ನಿಮಿಷ. ಬಸ್ ನಿಲ್ದಾಣದಲ್ಲಿ ವಿಚಾರಿಸಿದೆ. ಆ ಕಡೆಯ ಬಸ್ಸು ಆಗಷ್ಟೇ ಹೊರಟಿತ್ತು. ಮುಂದಿನದು ಬರುವುದು ಹನ್ನೆರಡಕ್ಕೆ, ಅದೂ ಬಂದರೆ. ಇವರು ಎಂಜಿನ್ ನಿಲ್ಲಿಸಲಿಕ್ಕೆ ಹೆದರಿ ಬೈಕಿನ ಮೇಲೆ ಕುಳಿತೇ ಒಂದು ಬನ್ಸ್ ತಿಂದು ಚಹಾ ಕುಡಿದರು. ನಾನು ನೀರನ್ನೂ ಕುಡಿಯಲಿಲ್ಲ. ಬನ್ಸಿನ ವಾಸನೆ ಮೂಗಿಗೆ ಬಡಿದದ್ದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಬಾಳೆಗುಳಿಯಲ್ಲಿ ಹೆದ್ದಾರಿ ಬಿಟ್ಟು ಯಲ್ಲಾಪುರದ ರಸ್ತೆಗೆ ತಿರುಗಿದೆವು. ತಿರುಗಿ ಒಂದು ಫರ್ಲಾಂಗಾಗಲಿಲ್ಲ, ಮೂರನೆಯ ಸಲ ನಿಂತಿತು. ಅದೇ ಹೊತ್ತಿಗೆ ಗಣಪುವಿನ ಫೋನು.

"ಅಕ್ಕಾ, ಎಲ್ಲಿದ್ದೆ?"

"ಬಾಳೆಗುಳಿಲಿ."

"ಬಾಳೆಗುಳಿಲಿ ಎಂತ ಮಾಡ್ತಿದ್ದೆ?"

"ನಿನ್ನ ಭಾವನ ಮೊಗ ನೋಡ್ತಿದ್ದೆ."

ಅವನು ನಗಲಿಲ್ಲ. "ಭಟ್ಟರು ಗಣಪತಿ ಪೂಜೆ ಸುರು ಮಾಡಿದ್ರು ಅಕ್ಕಾ. ಸಾವಿತ್ರಿ ನಿನ್ನ ದಾರಿ ನೋಡ್ತಾ ಹೊರಗೇ ನಿಂತಿದ್ದಾಳೆ," ಎಂದ.

ಇವರು ಮತ್ತೆ ಪ್ಲಗ್ಗಿಗೆ ಕೈ ಹಾಕುತ್ತಿದ್ದರು. ನನಗೆ ಅಲ್ಲಿಯವರೆಗೆ ಹೊಳೆಯದಿದ್ದದ್ದು ಆಗ ಹೊಳೆಯಿತು.

"ಪ್ಲಗ್ ಬಿಡಿ," ಎಂದೆ. "ಎರಡು ಸಲವೂ ನೀವು ಟಾಕಿ ಮುಚ್ಚಳ ತೆಗೆದ ಮೇಲೇ ಅದು ಸುರುವಾದ್ದು."

"ಮುಚ್ಚಳಕ್ಕೂ ಎಂಜಿನ್ನಿಗೂ ಎಂತ ಸಂಬಂಧ ಮಾರಾಯ್ತಿ?"

"ನಂಗೆಂತ ಗೊತ್ತು. ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿದ್ರೆ ಎಣ್ಣೆ ಬೀಳ್ತದಾ? ಇನ್ನೊಂದು ಬದಿಗೂ ಒಂದು ತೂತು ಬೇಕು ಗಾಳಿ ಹೋಗೂಕೆ. ಹಾಂಗೆ ಎಂತಾದ್ರೂ ಉಂಟೋ ಏನೋ."

ಮುಚ್ಚಳ ತೆಗೆದು ಸುರುವಾದರೂ ಮತ್ತೆ ನಿಲ್ಲುತ್ತದೆ, ಯಾರಾದರೂ ಮೇಸ್ತ್ರಿಗೇ ತೋರಿಸುವ ಎಂದು ಇವರು ಎದ್ದರು. ಸ್ವಲ್ಪ ಮುಂದೆ ತಗಡಿನ ಮಾಡಿನ ಕೆಳಗೊಂದು ಗ್ಯಾರೇಜು ಕಂಡಿತು. ಅಲ್ಲಿಗೆ ಇವರು ಹ್ಯಾಂಡಲ್ ಹಿಡಿದು, ನಾನು ಹಿಂದಿನಿಂದ ಒಂದು ಕೈಯಲ್ಲಿ ತಪ್ಪಲೆ, ಒಂದು ಕೈಯಲ್ಲಿ ಬೈಕು ನೂಕುತ್ತಾ ಮುಟ್ಟಿಸಿದೆವು. ಗ್ಯಾರೇಜಿನವರ ಹೆಸರು ಇನಾಸ್. ಅರವತ್ತು ದಾಟಿದವರು. ಮೂಗಿನ ತುದಿಗೆ ಕನ್ನಡಕ. ಇವರು ಕಾರ್ಬೊರೇಟರ್, ಪ್ಲಗ್, ಬ್ಯಾಟರಿ ಎಂದು ಒಂದು ತಿಂಗಳ ಕಥೆಯನ್ನೆಲ್ಲ ಹೇಳಿದರು. ಇನಾಸ್ ಮೇಸ್ತ್ರಿ ಕೇಳಿಸಿಕೊಂಡು, "ನಿಮ್ಮದು ಮುಗೀತಾ? ಬಾಯರೆ, ನೀವೆಂತ ಹೇಳ್ತ್ರಿ?" ಎಂದು ನನ್ನ ಕಡೆ ತಿರುಗಿದರು.

ನಾನು ಎಣ್ಣೆ ಡಬ್ಬಿಯ ಮಾತನ್ನೇ ಮತ್ತೆ ಹೇಳಿದೆ.

ಅವರು ಕೀಲಿ ತಿರುಗಿಸಿ ಮುಚ್ಚಳವನ್ನು ಸಡಿಲಿಸಿದರು. ಒಳಗಿಂದ ಉಸ್ ಎಂದು ಗಾಳಿ ಎಳೆದುಕೊಂಡ ಸದ್ದು ನನಗೂ ಕೇಳಿಸಿತು. ಅಮದಳ್ಳಿಯಲ್ಲೂ ಅವರ್ಸಾದಲ್ಲೂ ಲಾರಿಗಳ ಗದ್ದಲದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಮೇಸ್ತ್ರಿ ಮುಚ್ಚಳವನ್ನು ಬೆಳಕಿಗೆ ಹಿಡಿದು ಕನ್ನಡಕ ಏರಿಸಿ ನೋಡಿದರು.

"ಬಾಯರು ಹೇಳಿದ್ದು ಖರೆ. ಪೆಟ್ರೋಲು ಕೆಳಗೆ ಇಳೀಬೇಕಾದ್ರೆ ಮೇಲಿಂದ ಗಾಳಿ ಬರಬೇಕು. ಅದಕ್ಕೆ ಇಲ್ಲಿ ಬೀಗದ ಬದಿಗೆ ಸೂಜಿ ಮೊನೆಯಷ್ಟು ತೂತುಂಟು. ಅದು ಬಂದ್ ಆಗಿದೆ. ಹಳದಿ ಎಂತದೋ ಸಿಮೆಂಟಿನ ಹಾಂಗೆ ಕೂತಿದೆ. ಇದೆಂತ ಹಾಕಿದ್ದು?"

ಇವರು ಸೀದಾ ಆಕಾಶ ನೋಡತೊಡಗಿದರು.

"ಗಂಧ," ಎಂದೆ ನಾನು.

"ಎಷ್ಟು ಸಮಯದಿಂದ?"

"ನವರಾತ್ರಿಯಿಂದ. ಮೊದಲು ದೀಪಕ್ಕೆ ಮಾತ್ರ ಹಚ್ತಿದ್ದೆ. ಆಮೇಲೆ ಹಣೆಗೂ. ಗಾಡಿ ಕೆಟ್ಟ ಮೇಲೆ ಸ್ವಲ್ಪ ಜಾಸ್ತಿ."

ಮೇಸ್ತ್ರಿ ಮುಚ್ಚಳ ಕೆಳಗಿಟ್ಟು ಕೆಮ್ಮು ಬರುವವರೆಗೆ ನಕ್ಕರು. ಇವರೂ ನಕ್ಕರು, ಒಂದು ತಿಂಗಳಿನ ನೂಕಾಟವನ್ನೆಲ್ಲ ಸೇರಿಸಿ ನಕ್ಕರು. ನನಗೆ ಭೂಮಿಯೊಳಗೆ ಹೋಗುವಷ್ಟು ನಾಚಿಕೆಯಾಯಿತು. ಗಾಡಿಗೆ ಆದ ಕಾಯಿಲೆಗೆ ನಾನು ಕೊಡುತ್ತಿದ್ದ ಮದ್ದೇ ಕಾಯಿಲೆಯಾಗಿತ್ತು.

"ಬೇಜಾರು ಮಾಡಬೇಡಿ ಬಾಯರೆ," ಎಂದರು ಮೇಸ್ತ್ರಿ. "ನಮ್ಮನೆಯವಳು ನನ್ನ ಸ್ಕೂಟರಿನ ಕನ್ನಡಿಗೆ ಶಿಲುಬೆ ಕಟ್ಟಿದ್ದಾಳೆ. ಹಿಂದೆ ಬರೂ ಲಾರಿ ಕಾಣೂದಿಲ್ಲ. ಬಿಚ್ಚೂಕೂ ಧೈರ್ಯ ಇಲ್ಲ. ಎಲ್ಲಿ, ಒಂದು ಪಿನ್ನು ಕೊಡಿ."

ಕರಿಮಣಿಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದುಕೊಟ್ಟೆ. ಗಂಧ ಎಷ್ಟು ಗಟ್ಟಿಯಾಗಿತ್ತೆಂದರೆ ಪಿನ್ನಿನ ಮೊನೆ ಬಾಗಿತು. ಪೆಟ್ರೋಲಿನಲ್ಲಿ ನೆನೆಸಿ, ಕೆರೆದು, ಕೊನೆಗೆ ಬಾಯಿಟ್ಟು ಊದಿದರು. ಆಚೆ ಬದಿಯಿಂದ ಗಾಳಿ ಬಂದದ್ದನ್ನು ನನ್ನ ಅಂಗೈಗೆ ಹಿಡಿದು ತೋರಿಸಿದರು. ಮುಚ್ಚಳ ಕೂತಿತು. ಎರಡು ಒದೆತ. ಸುರು.

ಇವರು ಹಣಕ್ಕೆ ಕೈ ಹಾಕಿದರು. "ಗಂಧ ತೆಗೆದದ್ದಕ್ಕೆ ದುಡ್ಡು ತಗೊಂಡ್ರೆ ನಂಗೆ ಒಳ್ಳೇದಾಗ್ತದಾ? ಹೋಗಿ ಹೋಗಿ, ಹಾಲು ಉಕ್ಕಿಸಿ," ಎಂದರು. ಹನ್ನೊಂದೂ ನಲವತ್ತಾಗಿತ್ತು. ನಾನು ಅವರಿಗೂ ಅವರ ಮನೆಯಾಕೆಗೂ ಮನಸ್ಸಿನಲ್ಲೇ ಒಳ್ಳೆಯದನ್ನು ಕೇಳಿಕೊಂಡೆ.

ಅಲ್ಲಿಂದ ಮುಂದಿನ ದಾರಿಯ ಬಗ್ಗೆ ಬರೆಯುವುದು ಕಡಿಮೆ, ಏಕೆಂದರೆ ಬೈಕು ನಿಲ್ಲಲೇ ಇಲ್ಲ. ಅಗಸೂರು ದಾಟಿದೆವು. ಎದುರಿನಿಂದ ಘಟ್ಟ ಇಳಿದು ಬರುವ ಲಾರಿಗಳ ಸಾಲು. ಬಿಸಿಲು ಏರಿತ್ತು, ಆದರೆ ಎರಡೂ ಬದಿಗೆ ಕಾಡಾದ್ದರಿಂದ ಸೆಕೆ ಇರಲಿಲ್ಲ. ಮರಗಳ ನಡುವೆ ಗಂಗಾವಳಿ ಆಗೊಮ್ಮೆ ಈಗೊಮ್ಮೆ ಕಂಡಿತು, ಬಂಡೆಗಳ ನಡುವೆ ನೀರು ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ. ಇದೇ ಹೊಳೆ ಮನೆ ಒಯ್ದದ್ದು ಎಂದರೆ ನಂಬುವುದು ಕಷ್ಟ. ಗಣಪು ಮತ್ತೊಮ್ಮೆ ಫೋನು ಮಾಡಿ, "ಭಟ್ಟರಿಗೆ ಹೇಳಿದ್ದೇನೆ. ಮಂತ್ರ ಎಳೆದು ಎಳೆದು ಹೇಳ್ತಿದ್ದಾರೆ," ಎಂದ. ಹಿಂದಿನಿಂದ ಭಟ್ಟರ ದನಿ ನಿಜವಾಗಿಯೂ ಜೋಗುಳದ ಹಾಗೆ ಕೇಳುತ್ತಿತ್ತು.

ಸುಂಕಸಾಳದಲ್ಲಿ ಹೆದ್ದಾರಿ ಬಿಟ್ಟು ಮಣ್ಣಿನ ದಾರಿ ಇಳಿದಾಗ ಹನ್ನೆರಡೂ ಮೂವತ್ತೈದು. ಸಾವಿತ್ರಿ ದಾರಿಯ ಮೇಲೇ ನಿಂತಿದ್ದಳು.

"ಬಂದ್ರಾ ಅತ್ತಿಗೆ," ಎಂದಳು. ಅಷ್ಟೇ. ಚೊಂಬು ಬಗ್ಗಿಸಿ ನನ್ನ ಕಾಲಿಗೆ ನೀರು ಹಾಕಿದಳು.

ಬಲಗಾಲಿಟ್ಟು ಒಳಗೆ ಹೋದೆವು. ಹೊಸ ಸುಣ್ಣದ ವಾಸನೆ. ಮೂರು ಇಟ್ಟಿಗೆಯ ಒಲೆಗೆ ಬೆಂಕಿ ಮಾಡಿ ತಪ್ಪಲೆ ಇಟ್ಟೆ. ತಪ್ಪಲೆಯ ಕೊರಳಿಗೆ ಅರಿಶಿನದ ಕೊಂಬು ಕಟ್ಟಿದ್ದೆ. ಅವರದೇ ಹಸುವಿನ ಹಾಲು. ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ಒತ್ತಿಕೊಂಡು ನಿಂತಿದ್ದರು. ಹಾಲು ಮೂಡಲಿಗೆ ಉಕ್ಕಬೇಕು, ಇಲ್ಲವೇ ಬಡಗಲಿಗೆ. ಎಲ್ಲರ ಕಣ್ಣೂ ಅದರ ಮೇಲೇ. ಅವಸರದಲ್ಲಿ ಇಟ್ಟ ಇಟ್ಟಿಗೆಗಳಲ್ಲಿ ಒಂದು ತಗ್ಗಾಗಿತ್ತೋ ಏನೋ, ಹಾಲು ನೊರೆಯೆದ್ದು ಒಂದು ಗಳಿಗೆ ನಿಂತು, ಆಮೇಲೆ ತೆಂಕು ಬದಿಗೆ ಇಳಿದು ಹರಿಯಿತು. ಹೊಳೆ ಇದ್ದದ್ದು ಆ ಕಡೆ.

ಒಬ್ಬ ಹೆಂಗಸು ನಾಲಿಗೆ ಲೊಚಗುಟ್ಟಿದಳು. ಗಣಪುವಿನ ಮುಖ ಸಪ್ಪೆಯಾಯಿತು. ನನ್ನ ಕೈಯಿಂದಲೇ ಹೀಗಾಯಿತಲ್ಲ ಎಂದುಕೊಂಡು ನಾನು ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದೆ.

ಮನೆ ಹೋದ ದಿನದಿಂದ ಸಾವಿತ್ರಿ ಹೊಳೆಗೆ ಇಳಿದವಳಲ್ಲ. ಬಟ್ಟೆಯನ್ನೂ ಬಾವಿಕಟ್ಟೆಯಲ್ಲೇ ಒಗೆಯುತ್ತಿದ್ದಳು. ಹೊಳೆಯ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದಳು. ಈಗ ಅವಳೇ ಮಾತಾಡಿದಳು.

"ಹೋಗ್ಲಿ ಬಿಡಿ. ಮನೆ ಕೊಟ್ಟದ್ದಾಯ್ತು, ಇನ್ನು ಹಾಲು ಕೊಡೂಕೆ ಎಂತ? ಅದರ ಪಾಲು ಅದಕ್ಕೆ ಹೋಗ್ಲಿ. ಮುಂದೆ ಕೇಳೂಕೆ ಬರೂದಿಲ್ಲ."

ಭಟ್ಟರು ತಲೆಯಾಡಿಸಿದರು. "ಗಂಗೆಯ ಕಡೆ ಹೋದದ್ದು ಎಂದೂ ಕೆಟ್ಟದ್ದಲ್ಲ," ಎಂದು ಗಂಟೆ ಎತ್ತಿಕೊಂಡು ಜೋರಾಗಿ ಬಾರಿಸಿದರು. ಆಗ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಂದಕ್ಕೆ ಇನ್ನೂ ಎಂಟು ನಿಮಿಷವಿತ್ತು.

ಊಟಕ್ಕೆ ಅನ್ನ, ಸಾರು, ಬಟಾಟೆ ಪಲ್ಯ, ಕಡಲೆಬೇಳೆ ಪಾಯಸ. ಅವಸರದ ಅಡುಗೆಯಾದರೂ ಹಸಿದವಳಿಗೆ ಅಮೃತ. ನಾನು ಪಾಯಸವನ್ನು ಮೂರು ಸಲ ಹಾಕಿಸಿಕೊಂಡೆ. ಊಟದ ನಡುವೆ ಭಟ್ಟರಿಗೆ ಫೋನು ಬಂತು. ನಾವೆಲ್ಲ ಕೈ ನಿಲ್ಲಿಸಿ ಅವರ ಮುಖ ನೋಡಿದೆವು. ಅವರು ಫೋನು ಇಟ್ಟು, "ದೊಡ್ಡಪ್ಪ ಕಣ್ಣು ಬಿಟ್ರಂತೆ. ಗಂಜಿ ಬೇಡ, ದೋಸೆ ಬೇಕು ಅಂತ ಹಟ ಮಾಡ್ತಿದ್ದಾರಂತೆ," ಎಂದರು.

"ಹಾಂಗಾದ್ರೆ ಶುಕ್ರವಾರವೇ ಮಾಡ್ಬಹುದಿತ್ತು," ಎಂದರು ನಮ್ಮನೆಯವರು. ಗಣಪು ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಸುರಿದು ಬಾಯಿ ಮುಚ್ಚಿಸಿದ. ಆ ಮುದುಕರಿಗೆ ದೇವರು ಇನ್ನಷ್ಟು ಆಯುಸ್ಸು ಕೊಡಲಿ. ಅವರಿಂದಾಗಿ ನನ್ನ ತಮ್ಮ ಎರಡು ದಿನ ಮೊದಲೇ ಸ್ವಂತ ಮನೆಯಲ್ಲಿ ಮಲಗುವ ಹಾಗಾಯಿತು.

ಮೂರೂವರೆಗೆ ಹೊರಟೆವು. ಹೆದ್ದಾರಿಗೆ ಹತ್ತುವ ಮುನ್ನ ತಿರುಗಿ ನೋಡಿದೆ. ಹೊಸ ಮನೆಯ ಜಗಲಿಗೆ ಗಣಪು ಶೆಡ್ಡಿನಿಂದ ಹಾಸಿಗೆ ಸುರುಳಿ ಹೊತ್ತು ತರುತ್ತಿದ್ದ. ಕೆಳಗೆ, ಗದ್ದೆಯ ಬದುವಿನ ಮೇಲೆ, ನಾನು ಕೊಟ್ಟ ಸೀರೆ ಉಟ್ಟ ಸಾವಿತ್ರಿ ಕೈಯಲ್ಲಿ ಚೊಂಬು ಹಿಡಿದು ಹೊಳೆಯ ಕಡೆ ಒಬ್ಬಳೇ ಇಳಿಯುತ್ತಿದ್ದಳು. ಚೊಂಬಿನ ತುಂಬ ಹಾಲಿತ್ತೆಂದು ಅವಳ ನಡಿಗೆಯಿಂದಲೇ ತಿಳಿಯುತ್ತಿತ್ತು. ಇವರಿಗೆ ನಿಲ್ಲಿಸಿ ಎಂದು ಹೇಳಲಿಲ್ಲ. ಅದು ಅವಳ ಮತ್ತು ಹೊಳೆಯ ಮಾತು.

ಅಮದಳ್ಳಿಯಲ್ಲಿ ಇಳಿದು ಕಾಯಿ ಒಡೆಸಿ, ಹಬ್ಬುವಾಡ ಮುಟ್ಟಿದಾಗ ಆರು ಗಂಟೆಯಾಗಿತ್ತು. ದಾರಿಯಲ್ಲಿ ಬೈಕು ಒಮ್ಮೆಯೂ ಕೆಮ್ಮಲಿಲ್ಲ. ಅಂಗಳದಲ್ಲಿ ಶಾಂತಕ್ಕ ನಿಂತಿದ್ದಳು. "ಬೇಗ ಬಾರೇ, ನಲ್ಲಿಲಿ ನೀರು ಬಂದು ಅರ್ಧ ಗಂಟೆ ಆಯ್ತು," ಎಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೊಡ ತೆಗೆದುಕೊಂಡು ನಲ್ಲಿಯ ಕಡೆ ಹೋದೆ.